ಸಪೋರ್ಟಿನವರಿಗೆ ಜಗಲಿ: ರಿಮೋಟ್ ಸಹಾಯಕ್ಕೆ ಮನೆ ಕಂಪ್ಯೂಟರ್ ಸಜ್ಜು ಮಾಡಿದ ಲಾಗ್

ಕೆಲಸ ಬಹುಪಾಲು ಮುಗಿದಿದೆ. ಒಂದು ತುಂಡು ಬಾಕಿ, ಅದನ್ನು ಕೊನೆಯಲ್ಲಿ ಬರೆದಿದ್ದೇನೆ. ಮಾಡಿದ ಕ್ರಮದಲ್ಲೇ ಇದೆ, ಕೈಕೊಟ್ಟದ್ದೂ ಸೇರಿದಂತೆ.

ಯಂತ್ರ: 10ನೇ ತಲೆಮಾರಿನ ಐ3 ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, ಸಿ ಡ್ರೈವ್ 256 ಜಿಬಿ ಎಸ್‌ಎಸ್‌ಡಿ, ಡಿ ಡ್ರೈವ್ 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 11 ಹೋಮ್. ಮನೆಗೆಲ್ಲ ಇದೊಂದೇ ದೊಡ್ಡ ಕಂಪ್ಯೂಟರ್. ಮಗಳ ಪ್ರಾಜೆಕ್ಟ್, ಮದುವೆ-ನಾಮಕರಣದ ಫೋಟೋ, ಅತ್ತೆಯವರ ಆಸ್ಪತ್ರೆ ರಿಪೋರ್ಟು ಎಲ್ಲ ಇದರಲ್ಲೇ. ನಾನು ಮನೆಯಿಂದ ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ, ಆ ಲೆಕ್ಕವೂ ಇದರಲ್ಲೇ. ನಮ್ಮನೆಯವರದ್ದೊಂದು ಸಣ್ಣ ಕಂಪನಿ ಇದೆ, ನಾನೂ ಅದರಲ್ಲಿ ಡೈರೆಕ್ಟರ್. ಅದರ ರಿಟರ್ನಿಗೆ ನನ್ನ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ) ಹಾಕಿ ಸಹಿ ಮಾಡುವುದು.

ವಿಂಡೋಸ್ ಅಪ್‌ಡೇಟ್ ಆದಮೇಲೆ ಟೋಕನ್ ಕಾಣುವುದು ನಿಂತಿತು. ಜಿಎಸ್‌ಟಿಯ ತಿಂಗಳ ರಿಟರ್ನಾದ 3ಬಿ ಸಲ್ಲಿಸಲು 20ನೇ ತಾರೀಖು ಕಡೆ. ಟೋಕನ್ ಕೊಟ್ಟವರ ಸಹಾಯವಾಣಿಗೆ ಫೋನ್ ಮಾಡಿದರೆ ಮೊದಲ ಮಾತೇ "ಎನಿಡೆಸ್ಕ್ ಐಡಿ ಹೇಳಿ ಮೇಡಂ." ಎನಿಡೆಸ್ಕ್ ಅಂದರೆ ದೂರದಿಂದಲೇ ನಮ್ಮ ಪರದೆ ನೋಡಿ ಮೌಸ್ ಆಡಿಸುವ ಪ್ರೋಗ್ರಾಮ್. ಅರ್ಧ ದಿನ ಬಿಟ್ಟು ಕರೆಯುತ್ತೇನೆ ಅಂತ ಹೇಳಿ ಇಟ್ಟೆ. ಆ ಅರ್ಧ ದಿನ ಸಾಲಲಿಲ್ಲ. ಆ ತಿಂಗಳ ರಿಟರ್ನನ್ನು ಬೇರೆ ದಾರಿಯಲ್ಲಿ ದಾಟಿಸಿ, ಟೋಕನ್ ವಿಷಯವನ್ನು ನಿಧಾನಕ್ಕೆ ಹಿಡಿದೆ.

1. ಮೊದಲು ನಾನೇ ಸಪೋರ್ಟಿನವಳಾದೆ

ಮಗಳ ಹಳೆ ಲ್ಯಾಪ್‌ಟಾಪ್ ಹಿಡಿದು ಊಟದ ಟೇಬಲ್ಲಿನಲ್ಲಿ ಕೂತು, ಹಾಲ್‌ನಲ್ಲಿರುವ ಡೆಸ್ಕ್‌ಟಾಪಿಗೆ ಎನಿಡೆಸ್ಕ್‌ನಲ್ಲಿ ಕನೆಕ್ಟ್ ಆದೆ. ಪರಿಚಯವಿಲ್ಲದವರ ಕಣ್ಣಿಗೆ ಏನೇನು ಬೀಳುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯುತ್ತ ಹೋದೆ. ಹತ್ತು ನಿಮಿಷಕ್ಕೆ ಹಾಳೆ ತುಂಬಿತು.

ವಾಲ್‌ಪೇಪರಿನಲ್ಲಿ ಮಗಳು ಯೂನಿಫಾರ್ಮ್‌ನಲ್ಲಿದ್ದಾಳೆ, ಶಾಲೆಯ ಬ್ಯಾಡ್ಜ್ ಓದಬಹುದು. ಫೈಲ್ ಎಕ್ಸ್‌ಪ್ಲೋರರ್ ತೆರೆದರೆ ಈಚೆಗೆ ತೆರೆದ ಕಡತಗಳ ಪಟ್ಟಿ, ಅದರಲ್ಲಿ ಮೊದಲನೆಯದೇ ಅತ್ತೆಯವರ ಬಯಾಪ್ಸಿ ರಿಪೋರ್ಟು. ಕಡತ ತೆರೆಯುವುದೇ ಬೇಡ, ಹೆಸರೇ ಎಲ್ಲ ಹೇಳುತ್ತದೆ. ಟಾಸ್ಕ್‌ಬಾರಿನ ಎಕ್ಸೆಲ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಗಿರಾಕಿಗಳ ಹೆಸರು ಸಾಲಾಗಿ ಬಂತು. ಬ್ರೌಸರಿನಲ್ಲಿ ಒಂದಕ್ಷರ ಒತ್ತಿದರೆ ನಮ್ಮ ಬ್ಯಾಂಕಿನ ವಿಳಾಸ. ಜಿಮೇಲ್ ತೆರೆದೇ ಇದೆ, ವಾಟ್ಸ್ಯಾಪ್ ವೆಬ್ ಕೂಡ. ಕ್ರೋಮ್ ಉಳಿಸಿಟ್ಟ ಪಾಸ್‌ವರ್ಡ್ ತೋರಿಸಲು ವಿಂಡೋಸ್ ಪಿನ್ ಕೇಳುತ್ತದೆ, ಅದು ನಿಜ. ಆದರೆ ಸೈಟಿನ ಲಾಗಿನ್ ಪುಟದಲ್ಲಿ ಅದೇ ಪಾಸ್‌ವರ್ಡನ್ನು ಕೇಳದೆಯೇ ತುಂಬಿಬಿಡುತ್ತದೆ. ಇನ್ನು ವಿಂಡೋಸ್ ಕೀ ಜೊತೆ ವಿ ಒತ್ತಿದೆ, ಬೆಳಿಗ್ಗೆ ಕಾಪಿ ಮಾಡಿದ್ದ ಖಾತೆ ಸಂಖ್ಯೆ ಕ್ಲಿಪ್‌ಬೋರ್ಡ್ ಇತಿಹಾಸದಲ್ಲಿ ಹಾಗೇ ಕೂತಿತ್ತು.

ಡೌನ್‌ಲೋಡ್ಸ್ ಫೋಲ್ಡರಂತೂ ಬೇಡ. ಇ-ಆಧಾರ್ ಪಿಡಿಎಫ್‌ಗಳು ಹನ್ನೆರಡು. ಪಾಸ್‌ವರ್ಡ್ ಇದೆಯಲ್ಲ ಅಂತ ನಾವು ಸುಮ್ಮನಿರುತ್ತೇವೆ. ಆ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಅಕ್ಷರ ದೊಡ್ಡಕ್ಷರದಲ್ಲಿ, ಜೊತೆಗೆ ಹುಟ್ಟಿದ ವರ್ಷ. ಹೆಸರು ಕಡತದ ಹೆಸರಿನಲ್ಲೇ ಇದೆ, ವರ್ಷವನ್ನು ಊಹಿಸಲು ಹೆಚ್ಚೇನೂ ಬೇಕಿಲ್ಲ. ಆದಾಯ ತೆರಿಗೆಯ ಎಐಎಸ್ (ವರ್ಷದ ಆದಾಯ-ವಹಿವಾಟಿನ ಪಟ್ಟಿ) ಪಿಡಿಎಫ್ ಕೂಡ ಹೀಗೇ, ಪ್ಯಾನ್ ಸಣ್ಣಕ್ಷರದಲ್ಲಿ, ಮುಂದೆ ಹುಟ್ಟಿದ ತಾರೀಖು. ಎರಡೂ ಕಡತ ಒಂದೇ ಫೋಲ್ಡರಿನಲ್ಲಿದ್ದರೆ ಒಂದರ ಒಳಗಿರುವ ಹುಟ್ಟಿದ ತಾರೀಖು ಇನ್ನೊಂದಕ್ಕೆ ಬೀಗದ ಕೈ.

ನನ್ನ ನಿದ್ದೆ ಕೆಡಿಸಿದ್ದು ಬೇರೆ. "ಅವರು ಮಾಡೋದನ್ನ ಸ್ಕ್ರೀನ್ ನೋಡ್ತಾ ಕೂತಿದ್ರೆ ಆಯ್ತಲ್ಲ" ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಲ್ಯಾಪ್‌ಟಾಪ್ ಕಡೆಯಿಂದ ಎನಿಡೆಸ್ಕ್‌ನ ಫೈಲ್ ಮ್ಯಾನೇಜರ್ ತೆರೆದು ಡಿ ಡ್ರೈವಿನಿಂದ ಒಂದು ಫೋಟೋ ಎಳೆದುಕೊಂಡೆ. ಎದ್ದು ಹೋಗಿ ಡೆಸ್ಕ್‌ಟಾಪ್ ನೋಡಿದರೆ ಪರದೆಯ ಮೇಲೆ ಯಾವ ಫೋಲ್ಡರೂ ತೆರೆದಿಲ್ಲ, ಮೌಸ್ ಅಲುಗಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕೂತವರಿಗೂ ಇದು ಕಾಣುವುದಲ್ಲ.

ಅದೇ ಹೊತ್ತಿಗೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳ ಸರ್ವಿಸಸ್ ಪಟ್ಟಿ ತೆರೆದೆ. ಹಿಂದೆ ಯಾವಾಗಲೋ ಪ್ರಿಂಟರಿಗೆಂದು ಯಾರೋ ಹಾಕಿಹೋದ, ಎನಿಡೆಸ್ಕ್‌ನಂಥದ್ದೇ ಆದ ಟೀಮ್‌ವ್ಯೂವರ್ ಇನ್ನೂ ಇದೆ, ಕಂಪ್ಯೂಟರ್ ಹಚ್ಚಿದಾಗಲೆಲ್ಲ ತಾನಾಗಿ ಏಳುವಂತೆ ಇಟ್ಟಿದ್ದಾರೆ. ಅದರ ಫೋಲ್ಡರಿನಲ್ಲಿ ಒಳಬಂದ ಸಂಪರ್ಕಗಳ ಪಟ್ಟಿ ಒಂದು ಟೆಕ್ಸ್ಟ್ ಕಡತದಲ್ಲಿರುತ್ತದೆ. ತೆರೆದು ನೋಡಿದೆ, ಆ ಪ್ರಿಂಟರ್ ದಿನದ ನಂತರ ಯಾರೂ ಬಂದಿರಲಿಲ್ಲ. ಅನ್‌ಇನ್‌ಸ್ಟಾಲ್ ಮಾಡಿದೆ.

"ನಮ್ಮನೆ ಫೋಟೋ ನೋಡಿ ಯಾರಿಗೇನಾಗ್ಬೇಕು?" ಅಂದರು ನಮ್ಮನೆಯವರು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ರಿಪೇರಿಗೆ 16 ಕಡೆ ಲ್ಯಾಪ್‌ಟಾಪ್ ಕೊಟ್ಟು ಪರೀಕ್ಷೆ ಮಾಡಿದ್ದನ್ನು ಹೇಳಿದೆ. ಆರು ಕಡೆ ಖಾಸಗಿ ಕಡತಗಳನ್ನು ಕೆದಕಿದ್ದರು, ಎರಡು ಕಡೆ ಕಾಪಿಯನ್ನೂ ಮಾಡಿಕೊಂಡಿದ್ದರು. ಅದು ಅಂಗಡಿಯ ಕತೆ, ರಿಮೋಟಿನದ್ದಲ್ಲ. ಆದರೂ ಅವರು ಮತ್ತೆ ಮಾತಾಡಲಿಲ್ಲ.

2. ಕೆಲಸಕ್ಕೆ ಬಾರದವು

ಫೋಲ್ಡರ್ ಹಿಡನ್ ಮಾಡುವುದು: ವ್ಯೂ ಮೆನುವಿನಲ್ಲಿ ಒಂದು ಟಿಕ್ ಹಾಕಿದರೆ ಎಲ್ಲ ಎದ್ದು ನಿಲ್ಲುತ್ತದೆ.

ಸೆವೆನ್-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟುವುದು: ಗಟ್ಟಿಯೇನೋ ಹೌದು. ಆದರೆ ಕಡತಗಳ ಹೆಸರನ್ನೂ ಮುಚ್ಚುವ ಟಿಕ್ ಬೇರೆಯಾಗಿ ಹಾಕಬೇಕು, ಇಲ್ಲದಿದ್ದರೆ ಹೆಸರುಗಳೆಲ್ಲ ಓದಲು ಸಿಗುತ್ತವೆ. ಮೇಲಾಗಿ ಒಳಗಿನ ಕಡತ ತೆರೆದಾಗಲೆಲ್ಲ ಟೆಂಪ್ ಫೋಲ್ಡರಿಗೆ ಒಂದು ಬಿಚ್ಚಿದ ಪ್ರತಿ ಹೋಗುತ್ತದೆ. ದಿನಾ ಬಳಸುವ ಲೆಕ್ಕದ ಕಡತಕ್ಕೆ ಇದು ಆಗದ ಮಾತು.

ಡಿವೈಸ್ ಎನ್‌ಕ್ರಿಪ್ಶನ್ (ಇಡೀ ಡಿಸ್ಕನ್ನು ಗುಪ್ತಲಿಪಿಯಲ್ಲಿಡುವ ವ್ಯವಸ್ಥೆ) ಆನ್ ಇದೆಯಲ್ಲ ಅಂತ ಕೇಳಬಹುದು. ಅದು ಕಂಪ್ಯೂಟರ್ ಕಳುವಾದರೆ ಕಾಯುತ್ತದೆ. ನಾವೇ ಲಾಗಿನ್ ಆಗಿ ಒಳಗೆ ಕರೆದವರಿಗೆ ಅದು ಅಡ್ಡ ಬರುವುದಿಲ್ಲ.

3. ಜಗಲಿ ಖಾತೆ

ಬಂದವರನ್ನು ಜಗಲಿಯಲ್ಲಿ ಕೂರಿಸಿ ಮಾತಾಡಿಸುವ ಹಾಗೆ ಸಪೋರ್ಟಿನವರಿಗೊಂದು ಬೇರೆ ಖಾತೆ ಮಾಡಿದೆ, ಹೆಸರೂ ಜಗಲಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರಲ್ಲಿ ಅದರ್ ಯೂಸರ್ಸ್, ಆಡ್ ಅಕೌಂಟ್. ಅಲ್ಲಿ ಮೈಕ್ರೋಸಾಫ್ಟ್ ಇಮೇಲ್ ಕೇಳುತ್ತದೆ. "ಈ ವ್ಯಕ್ತಿಯ ಸೈನ್-ಇನ್ ಮಾಹಿತಿ ನನ್ನಲ್ಲಿಲ್ಲ" ಅನ್ನುವ ಸಣ್ಣ ಅಕ್ಷರದ ಲಿಂಕ್ ಒತ್ತಬೇಕು, ಮುಂದಿನ ಪುಟದಲ್ಲಿ "ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸಿ" ಅನ್ನುವುದನ್ನು. ಆಮೇಲೆ ಮೂರು ಭದ್ರತಾ ಪ್ರಶ್ನೆ. ಉತ್ತರ ನಿಜವಾಗಿರಲೇಬೇಕು ಅಂತೇನಿಲ್ಲ.

ಖಾತೆ ಸ್ಟ್ಯಾಂಡರ್ಡ್ ಆಗಿರಲಿ, ಇಡೀ ಯಂತ್ರವನ್ನೇ ಬದಲಿಸುವ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ (ಅಡ್ಮಿನ್) ಬೇಡ. ಯಾಕೆ ಅಂತ ಮುಂದೆ ಬರುತ್ತದೆ.

ಲಾಗಿನ್ ಆದರೆ ಖಾಲಿ ಡೆಸ್ಕ್‌ಟಾಪ್, ವಿಂಡೋಸ್ ಜೊತೆ ಬಂದ ನೀಲಿ ವಾಲ್‌ಪೇಪರ್, ಬ್ರೌಸರಿನಲ್ಲಿ ಏನೂ ಇಲ್ಲ. ಸಿ ಡ್ರೈವಿನ ಯೂಸರ್ಸ್ ಒಳಗೆ ನನ್ನ ಹೆಸರಿನ ಫೋಲ್ಡರ್ ಒತ್ತಿದರೆ ಅನುಮತಿ ಇಲ್ಲ ಅಂತ ಬಂತು. ಮುಗಿಯಿತು ಅಂದುಕೊಂಡು ಡಿ ಡ್ರೈವ್ ಒತ್ತಿದೆ. ಇಡೀ ಸಂಸಾರ ತೆರೆದುಕೊಂಡಿತು.

4. ಡಿ ಡ್ರೈವ್

ನಮ್ಮಲ್ಲಿ ಕಂಪ್ಯೂಟರ್ ಅಂಗಡಿಯವರು ವಿಂಡೋಸ್ ಹಾಕಿಕೊಡುವಾಗಲೇ "ಸಿ ಡ್ರೈವಲ್ಲಿ ಏನೂ ಇಡ್ಬೇಡಿ, ಫಾರ್ಮ್ಯಾಟ್ ಮಾಡ್ಬೇಕಾದ್ರೆ ಹೋಗ್ಬಿಡತ್ತೆ" ಅನ್ನುತ್ತಾರೆ. ಬುದ್ಧಿಮಾತೇ. ಅದಕ್ಕೇ ಎಲ್ಲರ ಮನೆಯಲ್ಲೂ ಬೆಲೆಬಾಳುವುದೆಲ್ಲ ಡಿ ಡ್ರೈವಿನಲ್ಲಿ. ವಿಂಡೋಸ್ ಕಾಯುವುದು ಮಾತ್ರ ಸಿ ಡ್ರೈವಿನ ಯೂಸರ್ಸ್ ಫೋಲ್ಡರನ್ನು. ಡಿ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ಟ್ಯಾಬ್ ತೆರೆದರೆ "ಆಥೆಂಟಿಕೇಟೆಡ್ ಯೂಸರ್ಸ್" ಅಂತ ಒಂದು ಸಾಲು ಇರುತ್ತದೆ, ಅದಕ್ಕೆ ಮಾಡಿಫೈ ಅನುಮತಿ. ಅಂದರೆ ಈ ಕಂಪ್ಯೂಟರಿನಲ್ಲಿ ಯಾವ ಖಾತೆಯಿಂದ ಲಾಗಿನ್ ಆದವರೂ ಓದಬಹುದು, ತಿದ್ದಬಹುದು, ಅಳಿಸಬಹುದು.

ಮೊದಲು ಇಡೀ ಡ್ರೈವಿನ ಬೇರಿಗೇ ಬೀಗ ಹಾಕಿದೆ. ಆಗಲಿಲ್ಲ. ನಮ್ಮನೆಯವರ ಖಾತೆಯಿಂದ ಅವರ ಕಂಪನಿ ಕಡತವೇ ತೆರೆಯದಾಯಿತು, ಮಗಳ ಗೇಮ್ ಕೂಡ. ಎಲ್ಲ ಮೊದಲಿನಂತೆ ತಿರುಗಿಸಲು ಸಂಜೆಯಾಯಿತು.

ಎರಡನೇ ದಾರಿ ಹೀಗೆ. ಡಿ ಡ್ರೈವಿನಲ್ಲಿ ಮೂರೇ ಫೋಲ್ಡರ್ ಇಟ್ಟೆ: ಮನೆ, ಲೆಕ್ಕ, ಎಲ್ಲರದ್ದು. ಇದ್ದಬದ್ದದ್ದನ್ನೆಲ್ಲ ಈ ಮೂರರೊಳಗೆ ಸರಿಸಿದೆ. ಆಮೇಲೆ ಮನೆ ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್, ಡಿಸೇಬಲ್ ಇನ್ಹೆರಿಟೆನ್ಸ್ (ಡ್ರೈವಿನ ಅನುಮತಿ ಒಳಗೆ ಇಳಿದುಬರುವುದನ್ನು ನಿಲ್ಲಿಸುವುದು). ಎರಡು ಆಯ್ಕೆ ಬರುತ್ತದೆ. ಇರುವ ಅನುಮತಿಗಳನ್ನು ಇಲ್ಲಿಗೇ ಬರೆದಿಡು ಅನ್ನುವ ಮೊದಲನೆಯದನ್ನು ಆರಿಸಿ, ಪಟ್ಟಿಯಿಂದ ಆಥೆಂಟಿಕೇಟೆಡ್ ಯೂಸರ್ಸ್ ಮತ್ತು ಯೂಸರ್ಸ್ ಎರಡು ಸಾಲನ್ನು ತೆಗೆದೆ. ನಮ್ಮ ಮೂವರ ಖಾತೆಗಳನ್ನು ಒಂದೊಂದಾಗಿ ಸೇರಿಸಿ ಫುಲ್ ಕಂಟ್ರೋಲ್ ಕೊಟ್ಟೆ. ಸಿಸ್ಟಮ್ ಮತ್ತು ಅಡ್ಮಿನಿಸ್ಟ್ರೇಟರ್ಸ್ ಸಾಲು ಹಾಗೇ ಇರಲಿ. ಲೆಕ್ಕ ಫೋಲ್ಡರಿಗೂ ಇದೇ, ಆದರೆ ನಾನು ಮತ್ತು ನಮ್ಮನೆಯವರು ಮಾತ್ರ.

ಕೆಳಗಡೆ ಒಂದು ಟಿಕ್ ಪೆಟ್ಟಿಗೆ ಇದೆ, "ಒಳಗಿನ ಎಲ್ಲದರ ಅನುಮತಿಯನ್ನೂ ಇದರಿಂದಲೇ ಬದಲಿಸು" ಅನ್ನುವ ಅರ್ಥದ್ದು. ಅದನ್ನು ಹಾಕಲೇಬೇಕು. ಒಂದೇ ಡ್ರೈವಿನೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ ಕಡತ ತನ್ನ ಹಳೆಯ ಅನುಮತಿಯನ್ನೇ ಹೊತ್ತುಕೊಂಡು ಬರುತ್ತದೆ. ಕಾಪಿ ಮಾಡಿದರೆ ಹೊಸ ಫೋಲ್ಡರಿನ ಅನುಮತಿ ಹತ್ತುತ್ತದೆ, ಕಟ್ ಮಾಡಿ ಹಾಕಿದರೆ ಇಲ್ಲ. ಬೀಗ ಹಾಕಿದ ಮೇಲೆ ಎಲ್ಲರದ್ದು ಫೋಲ್ಡರಿನಿಂದ ಒಂದು ಆಲ್ಬಮ್ಮನ್ನು ಮನೆಗೆ ಸರಿಸಿದ್ದೆ. ಜಗಲಿಯಲ್ಲಿ ಕೂತು ಅದರ ಪೂರ್ತಿ ವಿಳಾಸವನ್ನು ಅಡ್ರೆಸ್ ಪಟ್ಟಿಯಲ್ಲಿ ಬರೆದು ಎಂಟರ್ ಒತ್ತಿದರೆ ತೆರೆದುಕೊಂಡಿತು, ಹೊರಗಿನ ಮನೆ ಫೋಲ್ಡರಿಗೆ ಬೀಗ ಇದ್ದರೂ. ಈಗ ತಿಂಗಳಿಗೊಮ್ಮೆ ಆ ಟಿಕ್ ಹಾಕಿ ಮತ್ತೆ ಒಮ್ಮೆ ಅಪ್ಲೈ ಮಾಡುತ್ತೇನೆ. ಸುಮಾರು 300 ಜಿಬಿ ಫೋಟೋಗೆ 20 ನಿಮಿಷ ಹಿಡಿಯಿತು.

ಈಗ ಸ್ಟ್ಯಾಂಡರ್ಡ್ ಖಾತೆ ಯಾಕೆ ಅನ್ನುವುದಕ್ಕೆ ಬರುತ್ತೇನೆ. ಬೀಗ ಹಾಕಿದ ಫೋಲ್ಡರನ್ನು ಅಡ್ಮಿನ್ ಖಾತೆಯವರು ಒತ್ತಿದರೆ "ನಿಮಗೆ ಅನುಮತಿ ಇಲ್ಲ" ಅಂತ ಹೇಳಿ, ಅದೇ ಪೆಟ್ಟಿಗೆಯಲ್ಲಿ ಕಂಟಿನ್ಯೂ ಗುಂಡಿಯನ್ನೂ ಕೊಡುತ್ತದೆ! ಒತ್ತಿದರೆ ಅವರ ಹೆಸರು ಅನುಮತಿ ಪಟ್ಟಿಗೆ ಕಾಯಮ್ಮಾಗಿ ಸೇರುತ್ತದೆ. ಸ್ಟ್ಯಾಂಡರ್ಡ್ ಖಾತೆಗೆ ಅದೇ ಗುಂಡಿ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ.

5. ಗಿರಾಕಿಗಳ ದಾಖಲೆಗೆ ವೆರಾಕ್ರಿಪ್ಟ್

ಅಡ್ಮಿನ್ ಆದವರಿಗೆ ಮೇಲಿನ ಬೀಗ ಬೀಗವೇ ಅಲ್ಲ. ಟೋಕನ್ನಿನ ಡ್ರೈವರ್ (ಅದನ್ನು ಕಂಪ್ಯೂಟರಿಗೆ ಗುರುತಿಸಿಕೊಡುವ ಪ್ರೋಗ್ರಾಮ್) ಹಾಕಲು ಒಮ್ಮೆಯಾದರೂ ಅಡ್ಮಿನ್ ಪಾಸ್‌ವರ್ಡ್ ಕೊಡಲೇಬೇಕು. ಹಾಗಾಗಿ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟು, ಆಸ್ಪತ್ರೆ ರಿಪೋರ್ಟುಗಳನ್ನು ವೆರಾಕ್ರಿಪ್ಟ್ ಪೆಟ್ಟಿಗೆಗೆ ಹಾಕಿದೆ. ಇದು ಉಚಿತ. ಡಿ ಡ್ರೈವಿನಲ್ಲಿ 60 ಜಿಬಿಯ ಒಂದೇ ದೊಡ್ಡ ಕಡತ. ಪಾಸ್‌ವರ್ಡ್ ಕೊಟ್ಟರೆ ವಿ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ, ಮುಚ್ಚಿದರೆ ಬರೀ ಅರ್ಥವಿಲ್ಲದ ಬೈಟುಗಳು. ಪೆಟ್ಟಿಗೆ ಮಾಡಲು ಹತ್ತು-ಹನ್ನೆರಡು ನಿಮಿಷ ಸಾಕಾಯಿತು. ಕಡತಗಳನ್ನು ತುಂಬುವುದು ನಿಧಾನ, ಓದುವುದೂ ಬರೆಯುವುದೂ ಅದೇ ಹಾರ್ಡ್ ಡಿಸ್ಕಿನಲ್ಲಿ ಆಗಬೇಕಲ್ಲ.

ವಿ ಡ್ರೈವ್ ತೆರೆದಿಟ್ಟುಕೊಂಡೇ ಸ್ವಿಚ್ ಯೂಸರ್ ಒತ್ತಿ (ನನ್ನ ಖಾತೆ ಹಿಂದೆ ತೆರೆದೇ ಇರುತ್ತದೆ) ಜಗಲಿಗೆ ಹೋದೆ. ಅಲ್ಲೂ ವಿ ಡ್ರೈವ್ ಇದೆ, ಒಳಗಿನದ್ದೆಲ್ಲ ಓದಲು ಬರುತ್ತದೆ! ತೆರೆದಿರುವಷ್ಟು ಹೊತ್ತು ಅದು ಎಲ್ಲ ಖಾತೆಗೂ ಡ್ರೈವೇ. ವೆರಾಕ್ರಿಪ್ಟ್‌ನ ಪ್ರಿಫರೆನ್ಸಸ್‌ನಲ್ಲಿ ಲಾಗ್ ಆಫ್ ಆದಾಗ, ಸೆಷನ್ ಲಾಕ್ ಆದಾಗ ತಾನಾಗಿ ಮುಚ್ಚು ಅನ್ನುವ ಆಯ್ಕೆಗಳಿವೆ, ಎರಡೂ ಹಾಕಿದೆ. ಆದರೂ ಒಳಗಿನ ಎಕ್ಸೆಲ್ ಕಡತ ತೆರೆದಿದ್ದರೆ ಅದು ಮುಚ್ಚುವುದಿಲ್ಲ. ಬಲವಂತವಾಗಿ ಮುಚ್ಚು ಅಂತಲೂ ಹೇಳಬಹುದು, ಆಗ ಉಳಿಸದ ಲೆಕ್ಕ ಹೋಗುತ್ತದೆ. ಅದನ್ನು ಹಾಕಲಿಲ್ಲ. ಬದಲಿಗೆ ಮನೆಯಲ್ಲಿ ಒಂದು ನಿಯಮ: ಸಪೋರ್ಟ್ ಕರೆಗೆ ಮೊದಲು ಸ್ವಿಚ್ ಯೂಸರ್ ಇಲ್ಲ, ಎಲ್ಲರೂ ಸೈನ್ ಔಟ್. ಇದರಿಂದ ವಾಟ್ಸ್ಯಾಪ್, ಮೇಲ್, ಫೋನಿನ ಮೆಸೇಜು ತೋರಿಸುವ ಫೋನ್ ಲಿಂಕ್ ಎಲ್ಲವೂ ಒಟ್ಟಿಗೆ ಮುಚ್ಚುತ್ತವೆ.

ಹಳೆಯ ಪ್ರತಿಗಳನ್ನು ಅಳಿಸಿದೆ, ಆದರೆ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ್ದನ್ನು ಎಬ್ಬಿಸುವುದು ಕಷ್ಟವಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ಸೈಫರ್ ಆದೇಶಕ್ಕೆ ಡಬ್ಲ್ಯೂ ಸ್ವಿಚ್ ಹಾಕಿ ಡಿ ಡ್ರೈವ್ ಹೆಸರು ಕೊಟ್ಟರೆ ಖಾಲಿ ಜಾಗದ ಮೇಲೆ ಮೂರು ಸುತ್ತು ಬರೆಯುತ್ತದೆ. ರಾತ್ರಿ ಊಟವಾದ ಮೇಲೆ ಹಚ್ಚಿಟ್ಟೆ, ಬೆಳಿಗ್ಗೆ ಕಾಫಿ ಹೊತ್ತಿಗೆ ಮೂರನೇ ಸುತ್ತು ನಡೆಯುತ್ತಿತ್ತು.

6. ಅಡ್ಮಿನ್ ಪಾಸ್‌ವರ್ಡಿನ ಹಿಂದೆ ಬಂದ ನನ್ನ ಡಾಕ್ಯುಮೆಂಟ್ಸ್

ಇದು ಎಲ್ಲೂ ಓದಿ ಗೊತ್ತಾದದ್ದಲ್ಲ, ಪರೀಕ್ಷೆಗೆ ಕೂತಾಗ ಸಿಕ್ಕಿದ್ದು. ಮಗಳು ಲ್ಯಾಪ್‌ಟಾಪಿನಲ್ಲಿ ಸಪೋರ್ಟಿನವಳಾದಳು, ನಾನು ಜಗಲಿಯಲ್ಲಿ ಲಾಗಿನ್. ಒಂದು ಇನ್‌ಸ್ಟಾಲರ್ ಓಡಿಸಿದೆವು. ಅಡ್ಮಿನ್ ಪಾಸ್‌ವರ್ಡ್ ಕೇಳಿತು, ನನ್ನ ಖಾತೆ ಅಡ್ಮಿನ್ ಆದ್ದರಿಂದ ಅದರದ್ದೇ ಕೊಟ್ಟೆ. ಎಲ್ಲಿ ಇನ್‌ಸ್ಟಾಲ್ ಮಾಡಲಿ ಅಂತ ಕೇಳುವ ಪುಟದಲ್ಲಿ ಅವಳು ಬ್ರೌಸ್ ಒತ್ತಿದಳು.

"ಅಮ್ಮಾ, ನಿನ್ ಡೆಸ್ಕ್‌ಟಾಪ್ ಕಾಣ್ತಿದೆ."

ನಿಜ. ಜಗಲಿಯೊಳಗೆ ಓಡುತ್ತಿದ್ದರೂ ಆ ಇನ್‌ಸ್ಟಾಲರ್ ಈಗ ನನ್ನ ಹೆಸರಿನಲ್ಲಿ ಓಡುತ್ತಿದೆ. ಯಾರ ಪಾಸ್‌ವರ್ಡ್ ಕೊಟ್ಟೆವೋ ಅವರ ಖಾತೆಯಲ್ಲಿ. ಅದರ ಬ್ರೌಸ್ ಪೆಟ್ಟಿಗೆಯಲ್ಲಿ ನನ್ನ ಡೆಸ್ಕ್‌ಟಾಪ್, ನನ್ನ ಡಾಕ್ಯುಮೆಂಟ್ಸ್, ನನ್ನ ಡೌನ್‌ಲೋಡ್ಸ್.

ಪರಿಹಾರ: ಇನ್ನೊಂದು ಖಾತೆ, ಹೆಸರು ಕೀಲಿ. ಅದು ಅಡ್ಮಿನ್, ಒಳಗೆ ಏನೂ ಇಲ್ಲ, ಯಾರೂ ಅದರಲ್ಲಿ ಕೆಲಸ ಮಾಡುವುದಿಲ್ಲ. ನನ್ನ ಖಾತೆಯನ್ನೂ ಸ್ಟ್ಯಾಂಡರ್ಡ್‌ಗೆ ಇಳಿಸಿದೆ. ಇಳಿಸುವ ಮೊದಲು ಕೀಲಿಯಲ್ಲಿ ಒಮ್ಮೆ ಲಾಗಿನ್ ಆಗಿ ಪಾಸ್‌ವರ್ಡ್ ಸರಿ ಇದೆಯೇ ನೋಡಿ, ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಅಡ್ಮಿನ್ನೇ ಇಲ್ಲದಂತಾಗುತ್ತದೆ. ಈಗ ಬ್ರೌಸ್ ಒತ್ತಿದರೆ ಕೀಲಿಯ ಖಾಲಿ ಫೋಲ್ಡರುಗಳು ಬರುತ್ತವೆ. ದಿನನಿತ್ಯ ಏನಾದರೂ ಇನ್‌ಸ್ಟಾಲ್ ಮಾಡುವಾಗ ನಾನೂ ಕೀಲಿಯ ಪಾಸ್‌ವರ್ಡ್ ಹೊಡೆಯಬೇಕು, ಎರಡು ವಾರ ಕಿರಿಕಿರಿ, ಆಮೇಲೆ ಅಭ್ಯಾಸ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಅಡ್ಮಿನ್ ಹೆಸರಿನಲ್ಲಿ ಓಡುವ ಪ್ರೋಗ್ರಾಮ್ ಮನಸ್ಸು ಮಾಡಿದರೆ ಏನನ್ನೂ ಮಾಡಬಹುದು, ಕೀಲಿಮಣೆಯಲ್ಲಿ ಒತ್ತಿದ್ದನ್ನು ಬರೆದಿಟ್ಟುಕೊಳ್ಳುವುದೂ ಸೇರಿ. ಈ ಏರ್ಪಾಡು ಕುತೂಹಲಕ್ಕೆ ಕಣ್ಣು ಹಾಯಿಸುವವರಿಗೆ. ಕಳ್ಳತನಕ್ಕೇ ಕೂತವರಿಗೆ ಪಾಸ್‌ವರ್ಡ್ ಕೊಡದಿರುವುದೊಂದೇ ದಾರಿ. ತಾವಾಗಿ ಫೋನ್ ಮಾಡಿ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಎನಿಡೆಸ್ಕ್ ಹಾಕಿ" ಅನ್ನುವವರಿಗೆ ಜಗಲಿಯೂ ಇಲ್ಲ. ಎನಿಡೆಸ್ಕ್ ಹಾಕಿಸಿ ದುಡ್ಡು ಎಗರಿಸುವವರ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ದುಡ್ಡು ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

7. ಯಾವ ಟೂಲ್

ನನಗೆ ಇಷ್ಟವಾದದ್ದು ವಿಂಡೋಸ್ ಜೊತೆಗೇ ಬರುವ ಕ್ವಿಕ್ ಅಸಿಸ್ಟ್. ಕಂಟ್ರೋಲ್, ವಿಂಡೋಸ್ ಕೀ, ಕ್ಯೂ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಕೋಡನ್ನು ಸಹಾಯ ಮಾಡುವವರು ಕೊಡುತ್ತಾರೆ, ನಾವು ಹೊಡೆಯುವುದು. ಸಹಾಯ ಮಾಡುವವರು ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿರಲೇಬೇಕು. ಮೊದಲು ನೋಡಲು ಮಾತ್ರ ಬರುತ್ತದೆ, ಮೌಸ್ ಬೇಕಾದರೆ ಬೇರೆ ಅನುಮತಿ ಕೇಳಬೇಕು. ಸಹಾಯವಾಣಿಯವರು ಒಪ್ಪಲಿಲ್ಲ. "ನಮ್ ಸಿಸ್ಟಮಲ್ಲಿ ಎನಿಡೆಸ್ಕ್ ಬಿಟ್ರೆ ಬೇರೆ ಅಲೋ ಇಲ್ಲ ಮೇಡಂ."

ಆಯಿತು, ಎನಿಡೆಸ್ಕ್. ವಾಟ್ಸ್ಯಾಪಿನಲ್ಲಿ ಕಳಿಸಿದ ಲಿಂಕಿನಿಂದ ಅಲ್ಲ, ಅವರದೇ ವೆಬ್‌ಸೈಟಿನಿಂದ ಜಗಲಿಯೊಳಗೆ ಇಳಿಸಿ, ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿದೆ. ಇನ್‌ಸ್ಟಾಲ್ ಮಾಡಿದರೆ ಅದು ಸರ್ವಿಸ್ ಆಗಿ ಕೂತು ಕಂಪ್ಯೂಟರ್ ಹಚ್ಚಿದಾಗಲೆಲ್ಲ ಏಳುತ್ತದೆ. ಇನ್‌ಸ್ಟಾಲ್ ಮಾಡದಿದ್ದರೆ ಜಗಲಿಗಿರುವಷ್ಟೇ ಅಧಿಕಾರ ಅದಕ್ಕೂ.

ಸೆಟ್ಟಿಂಗ್ಸ್‌ನಲ್ಲಿ: ಕಿಟಕಿ ತೆರೆದಿದ್ದಾಗ ಮಾತ್ರ ಕೋರಿಕೆ ಬರಲಿ. ನಾವಿಲ್ಲದಾಗ ಪಾಸ್‌ವರ್ಡ್ ಹಾಕಿ ಒಳಬರುವ ಅನ್‌ಅಟೆಂಡೆಡ್ ಆಕ್ಸೆಸ್ ಬೇಡ. ಯಾರಾದರೂ ಕನೆಕ್ಟ್ ಆಗಲು ಬಂದಾಗ ಒಪ್ಪಿಗೆ ಕೇಳುವ ಕಿಟಕಿಯಲ್ಲಿ ಸಣ್ಣ ಗುರುತುಗಳ ಸಾಲಿದೆ, ಅಲ್ಲಿ ಕೀಲಿಮಣೆ-ಮೌಸ್ ಒಂದನ್ನು ಬಿಟ್ಟೆ. ಫೈಲ್ ಮ್ಯಾನೇಜರ್, ಕ್ಲಿಪ್‌ಬೋರ್ಡ್, ಧ್ವನಿ, ರೀಸ್ಟಾರ್ಟ್ ಎಲ್ಲ ತೆಗೆದೆ. ಪ್ರೈವಸಿ ಮೋಡ್ ಅನ್ನುವ ಹೆಸರು ಕೇಳಿ ಅದು ನಮ್ಮ ಪ್ರೈವಸಿಗೆ ಅಂತ ಆನ್ ಮಾಡಬೇಡಿ. ಅದು ಆನ್ ಆದರೆ ನಮ್ಮ ಪರದೆ ಕಪ್ಪಾಗುತ್ತದೆ, ಅವರಿಗೆ ಮಾತ್ರ ಕಾಣುತ್ತದೆ.

8. ನಿಜವಾದ ಕರೆ

ಟೋಕನ್ ಡಬ್ಬಿಯ ಮೇಲಿನ ನಂಬರಿಗೆ ನಾನೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ವೆಬ್‌ಕ್ಯಾಮಿನ ಯುಎಸ್‌ಬಿ ಕಿತ್ತಿಟ್ಟೆ. ಹುಡುಗ ಮೃದುವಾಗಿ ಮಾತಾಡುವವನು.

"ಮೇಡಂ, ಫೈಲ್ ಟ್ರಾನ್ಸ್‌ಫರ್ ಆಗ್ತಿಲ್ಲ, ಡ್ರೈವರ್ ಕಳಿಸ್ಬೇಕು."

"ಕಳಿಸ್ಬೇಡಪ್ಪಾ, ನಿಮ್ ಸೈಟಲ್ಲಿ ಎಲ್ಲಿದೆ ಹೇಳು, ನಾನೇ ಡೌನ್‌ಲೋಡ್ ಮಾಡ್ತೀನಿ."

ಹೇಳಿದ. ಇಳಿಸಿದೆ. ಓಡಿಸಿದ ಕೂಡಲೇ ಅಡ್ಮಿನ್ ಪಾಸ್‌ವರ್ಡಿನ ಪೆಟ್ಟಿಗೆ ಬಂತು. "ಮೇಡಂ, ಸ್ಕ್ರೀನ್ ಹೋಯ್ತು." ಹೋಗಲೇಬೇಕು. ಆ ಪೆಟ್ಟಿಗೆಯನ್ನು ವಿಂಡೋಸ್ ಬೇರೆಯದೇ ಪರದೆಯಲ್ಲಿ ತೋರಿಸುತ್ತದೆ, ಇನ್‌ಸ್ಟಾಲ್ ಆಗದ ಎನಿಡೆಸ್ಕ್‌ಗೆ ಅಲ್ಲಿ ಪ್ರವೇಶವಿಲ್ಲ. ನಾನು ಕೀಲಿಯ ಪಾಸ್‌ವರ್ಡ್ ಹೊಡೆದೆ, ಅವನಿಗೆ ಚಿತ್ರ ಮತ್ತೆ ಬಂತು. ಅವನು ಹೇಳಿಕೊಟ್ಟಂತೆ ನಾನೇ ಹಳೆಯ ಡ್ರೈವರ್ ತೆಗೆದು ಹೊಸದು ಹಾಕಿದೆ, ಒಮ್ಮೆ ರೀಸ್ಟಾರ್ಟ್ ಮಾಡಿಸಿದ. ರೀಸ್ಟಾರ್ಟ್ ಆದಮೇಲೆ ಜಗಲಿಯಲ್ಲಿ ಲಾಗಿನ್ ಆಗಿ, ಎನಿಡೆಸ್ಕ್ ತೆರೆದು, ಮತ್ತೆ ಒಪ್ಪಿಗೆ ಕೊಡಬೇಕಾಯಿತು. "ಅನ್‌ಅಟೆಂಡೆಡ್ ಇಟ್ಬಿಡಿ ಮೇಡಂ, ಮುಂದಿನ್ಸಲ ನಿಮಗೆ ತೊಂದ್ರೆನೇ ಇರಲ್ಲ" ಅಂದ. ಇರಲಿ ಬಿಡು ಅಂದೆ.

ಟೋಕನ್ ಚುಚ್ಚಿದೆ, ಕಾಣಿಸಿತು. ಪಿನ್ ಏನು ಅಂತ ಫೋನಿನಲ್ಲೇ ಕೇಳಿದ! ಹೇಳಲಿಲ್ಲ, ನಾನೇ ಹೊಡೆದೆ. ಜಿಎಸ್‌ಟಿ ಪೋರ್ಟಲ್ಲಿಗೆ ಲಾಗಿನ್ ಆಗಿ ಸಹಿ ಪರೀಕ್ಷಿಸೋಣ ಅಂದ. ಪರೀಕ್ಷೆಗೆ ಪೋರ್ಟಲ್ ಬೇಕಿಲ್ಲ. ಒಂದು ಖಾಲಿ ಪಿಡಿಎಫ್ ಮಾಡಿ ಜಗಲಿಯಲ್ಲಿ ಇಟ್ಟಿದ್ದೆ, ಅಕ್ರೋಬ್ಯಾಟ್ ರೀಡರಿನಲ್ಲಿ ಅದಕ್ಕೇ ಟೋಕನ್ ಸಹಿ ಹಾಕಿದೆ, ಬಿತ್ತು. ಕೂಡಲೇ ಟೋಕನ್ ಕಿತ್ತು ಡ್ರಾಯರಿಗೆ ಹಾಕಿದೆ. ಪಿನ್ ಕೊಟ್ಟ ಟೋಕನ್ ಚುಚ್ಚಿಯೇ ಇದ್ದು, ಮೌಸ್ ಬೇರೆಯವರ ಕೈಯಲ್ಲಿದ್ದರೆ, ನನ್ನ ಸಹಿಯೂ ಅವರ ಕೈಯಲ್ಲೇ.

9. ಅವನು ಹೋದಮೇಲೆ

ಡ್ರೈವರ್ ಇಡೀ ಯಂತ್ರಕ್ಕೆ ಹಾಕಿದ್ದರಿಂದ ನನ್ನ ಖಾತೆಯಲ್ಲೂ ಟೋಕನ್ ಕೆಲಸ ಮಾಡಿತು. ಪಿನ್ ಬದಲಿಸಿದೆ. ಇನ್‌ಸ್ಟಾಲ್ ಆದ ಆ್ಯಪ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ, ಡ್ರೈವರ್ ಬಿಟ್ಟು ಬೇರೇನಿಲ್ಲ. ಸ್ಟಾರ್ಟ್‌ಅಪ್ ಪಟ್ಟಿ, ಸರ್ವಿಸಸ್, ಟಾಸ್ಕ್ ಶೆಡ್ಯೂಲರ್, ಖಾತೆಗಳ ಪಟ್ಟಿ, ಎಲ್ಲ ಒಮ್ಮೆ ಕಣ್ಣಾಡಿಸಿದೆ. ಕರೆಗೆ ಮೊದಲೇ ಈ ನಾಲ್ಕರ ಫೋಟೋ ಫೋನಿನಲ್ಲಿ ತೆಗೆದಿಟ್ಟಿದ್ದರಿಂದ ಹೋಲಿಸಲು ಐದು ನಿಮಿಷ ಸಾಕಾಯಿತು.

ಎನಿಡೆಸ್ಕ್ ಯಾರು ಯಾವಾಗ ಬಂದರು ಅಂತ ಕನೆಕ್ಷನ್ ಟ್ರೇಸ್ ಅನ್ನುವ ಟೆಕ್ಸ್ಟ್ ಕಡತದಲ್ಲಿ ಬರೆದಿಡುತ್ತದೆ. ಇನ್‌ಸ್ಟಾಲ್ ಮಾಡದೆ ಓಡಿಸಿದರೆ ಆ ಕಡತ ಆ ಖಾತೆಯ ಆ್ಯಪ್‌ಡೇಟಾ ಒಳಗಿರುತ್ತದೆ. ಜಗಲಿ ಖಾತೆ ಅಳಿಸಿದರೆ ಅದೂ ಹೋಗುತ್ತದೆ, ಹಾಗಾಗಿ ಮೊದಲು ಕಾಪಿ ಮಾಡಿಟ್ಟುಕೊಂಡು, ಆಮೇಲೆ ಖಾತೆಯನ್ನು ದತ್ತಾಂಶದ ಸಮೇತ ಅಳಿಸಿದೆ. ಮುಂದಿನ ಸಲ ಹೊಸ ಜಗಲಿ.

ಖರ್ಚು: ಸಾಫ್ಟ್‌ವೇರಿಗೆ ಸೊನ್ನೆ. ವೆರಾಕ್ರಿಪ್ಟ್‌ನ ಹೆಡರ್ (ಪೆಟ್ಟಿಗೆ ತೆರೆಯಲು ಬೇಕಾದ ಮೊದಲ ತುಣುಕು) ಬ್ಯಾಕಪ್ಪಿಗೆ 64 ಜಿಬಿ ಪೆನ್‌ಡ್ರೈವ್ ಒಂದು, ₹450. ಪಾಸ್‌ವರ್ಡ್ ಮರೆತರೆ ಪೆಟ್ಟಿಗೆ ತೆರೆಯುವ ಬೇರೆ ದಾರಿ ಇಲ್ಲ, ಅದನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಒಡವೆ ಜೊತೆ ಇಟ್ಟಿದ್ದೇವೆ.

ಬಾಕಿ

ಲೆಕ್ಕದ ಸಾಫ್ಟ್‌ವೇರು. ಅದರಲ್ಲಿ ಕೆಟ್ಟಿರುವುದು ದತ್ತಾಂಶವೇ ಆದರೆ ಖಾಲಿ ಜಗಲಿಯಲ್ಲಿ ತೋರಿಸಲು ಏನಿದೆ? ಒಂದು ದಿನಸಿ ಅಂಗಡಿಯ ಲೆಕ್ಕದಲ್ಲಿ ವೋಚರ್ ನಂಬರು ಎರಡೆರಡು ಬರುತ್ತಿವೆ. ಬರೀ ಸುಳ್ಳು ಹೆಸರಿನ ಕಂಪನಿ (ಸಾಫ್ಟ್‌ವೇರಿನಲ್ಲಿ ಒಂದೊಂದು ಅಂಗಡಿಯ ಲೆಕ್ಕಕ್ಕೆ ಹಾಗನ್ನುತ್ತಾರೆ) ಸೃಷ್ಟಿಸಿ ನೋಡಿದೆ, ಅದರಲ್ಲಿ ದೋಷ ಬರಲೇ ಇಲ್ಲ. ಅಂಗಡಿಯವರನ್ನೇ ಕೇಳಿದೆ, ಲೆಕ್ಕವನ್ನು ಸಪೋರ್ಟಿನವರಿಗೆ ತೋರಿಸಬಹುದಾ ಅಂತ. "ಲೆಕ್ಕ ನೋಡ್ಕೊಳ್ಲಿ ಬಿಡಿ ಮೇಡಂ, ಉದ್ರಿ ಪಟ್ಟಿ ಮಾತ್ರ ಬೇಡ. ಊರಲ್ಲಿ ಮುಖ ತೋರ್ಸೋಕಾಗಲ್ಲ ಅವರಿಗೆ." ಉದ್ರಿ ಪಟ್ಟಿ ಬಿಟ್ಟರೆ ಆ ಲೆಕ್ಕದ ಅರ್ಧವೇ ಇರುವುದಿಲ್ಲ. ಸದ್ಯ ಆ ಕಂಪನಿಯ ಒಂದು ಪ್ರತಿ ಮಾಡಿ, ಅದರಲ್ಲಿ ಲೆಡ್ಜರ್ ಹೆಸರುಗಳನ್ನು ಒಂದೊಂದಾಗಿ ಗಿರಾಕಿ 1, ಗಿರಾಕಿ 2 ಅಂತ ಬದಲಿಸುತ್ತಿದ್ದೇನೆ. ಫೋನ್ ನಂಬರು, ವಿಳಾಸ ಕೂಡ ಅಳಿಸಬೇಕು. ಷರಾ ಕಾಲಮ್ಮಿನಲ್ಲಿ ಅವರು "ಮಗಳ ಮದುವೆ ಆದ್ಮೇಲೆ ಕೊಡ್ತಾರೆ" ಅಂತೆಲ್ಲ ಬರೆದಿಟ್ಟಿರುವುದು ನಿನ್ನೆ ಕಣ್ಣಿಗೆ ಬಿತ್ತು, ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ.